ತೇಪೆ ಹಾಕಿದ ಮೊರ



ಶಾಲು, ಹಾರ, ಪರಿಚಯ ಎಲ್ಲ ಮುಗಿಯುವ ಹೊತ್ತಿಗೆ ದತ್ತಿ ಉಪನ್ಯಾಸ ಕೇಳುವವರಿಗೆ ಹಸಿವಾಗಿರುತ್ತದೆ. ಹಾಗಾಗಿ ಸುತ್ತು ಹಾಕದೆ ನನ್ನ ಒಂದು ತಪ್ಪಿನಿಂದಲೇ ಶುರುಮಾಡುತ್ತೇನೆ.

ನಾನು ಈ ಭಾಗದ ಒಂದು ಹೈಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದಾಗ ಒಂದು ರಾಜ್ಯೋತ್ಸವಕ್ಕೆ ಹಳೇ ಸಾಮಾನುಗಳ ಪ್ರದರ್ಶನ ಮಾಡೋಣ ಎಂದು ಹೊರಟೆವು. ಮನೆಯಲ್ಲಿರುವ ಹಳೆಯ ವಸ್ತು ತನ್ನಿ ಎಂದು ಮಕ್ಕಳಿಗೆ ಹೇಳಿದ್ದಾಯಿತು. ಹಿತ್ತಾಳೆ ಚೊಂಬು, ಲಾಟೀನು, ಸೇರು, ಪಾವು, ಚಟಾಕು, ಒಬ್ಬನ ತಾತನ ಊರುಗೋಲು, ಹೀಗೆ ಏನೇನೋ ಬಂದವು. ಎಂಟನೇ ತರಗತಿಯ ಒಬ್ಬ ಹುಡುಗಿ ಒಂದು ಮೊರ ತಂದಳು. ಅದರ ಒಂದು ಮೂಲೆ ಇಲಿ ಕಡಿದು ಹೋಗಿತ್ತು. ಅಂಚಿಗೆ ಹಳೇ ಸೀರೆಯ ಚೂರು ಸುತ್ತಿ ಗೋಣಿದಾರದಲ್ಲಿ ಹೊಲಿದಿದ್ದರು. ಬೆನ್ನಿಗೆ ಮೆಂತ್ಯ ಮತ್ತು ಕಾಗದ ನೆನೆಸಿ ರುಬ್ಬಿ ಬಳಿದಿದ್ದರು. ಆ ಪದರ ಒಣಗಿ, ಬಿರುಕು ಬಿಟ್ಟು, ಅದರ ಮೇಲೆ ಮತ್ತೊಂದು ಪದರ. ಒಳಮೈಯಲ್ಲಿ ಹಿಟ್ಟು ಸೋರದ ಹಾಗೆ ನೋಟ್ ಪುಸ್ತಕದ ಒಂದು ಹಾಳೆಯನ್ನೇ ಅಂಟಿಸಿದ್ದರು. ಹಾಳೆಯ ಮೇಲೆ ನೀಲಿ ಶಾಯಿಯಲ್ಲಿ ಹದಿಮೂರರ ಮಗ್ಗಿ.

ನಾನು ಅದನ್ನು ಮೇಲೆ ಕೆಳಗೆ ನೋಡಿ, ‘ಇದು ಬೇಡಮ್ಮ, ಚೆನ್ನಾಗಿರೋದು ಇದ್ರೆ ತಗೊಂಡ್ಬಾ’ ಅಂದೆ. ಅವಳು, ‘ಚೆನ್ನಾಗಿರೋದು ಇಲ್ಲ ಸಾ, ಇರೋದು ಇದೊಂದೇ’ ಅಂದಳು. ಸಾಯಂಕಾಲ ಮನೆಗೆ ತಗೊಂಡು ಹೋದಳು. ಆ ವರ್ಷ ಮೊದಲ ಬಹುಮಾನ ಬಂದದ್ದು ಥಳಥಳ ಹೊಳೆಯುವ ಒಂದು ಹಿತ್ತಾಳೆ ಹಂಡೆಗೆ. ಅದನ್ನು ಹಿಂದಿನ ದೀಪಾವಳಿಗಷ್ಟೇ ಅಂಗಡಿಯಿಂದ ತಂದದ್ದು ಎಂದು ಆಮೇಲೆ ತಿಳಿಯಿತು.

ಇವತ್ತು ನನಗೆ ಕೊಟ್ಟಿರುವ ವಿಷಯ ‘ಸ್ಥಳೀಯ ಚರಿತ್ರೆಯ ವಸ್ತುಸಂಗ್ರಹಾಲಯ’. ನಾನು ಹೇಳಬೇಕೆಂದಿರುವುದೆಲ್ಲ ಆ ಮೊರದಿಂದ ಬಂದದ್ದು. ನಮ್ಮ ಸೀಮೆಯ ವಸ್ತುಗಳನ್ನು ಕೂಡಿಡುವವರು ಚೆನ್ನಾಗಿರುವುದನ್ನು ಹುಡುಕಬಾರದು, ತೇಪೆ ಹಾಕಿದ್ದನ್ನು ಹುಡುಕಬೇಕು.

ನಮ್ಮ ಸೀಮೆ ಎಂದರೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳು. ಈ ನಾಲ್ಕಕ್ಕೂ ಕಂದಾಯ ಉಪವಿಭಾಗ ಒಂದೇ, ಶೈಕ್ಷಣಿಕ ಜಿಲ್ಲೆಯೂ ಒಂದೇ. ಸರ್ಕಾರ ಇವನ್ನು ಒಟ್ಟು ಮಾಡುವುದಕ್ಕೆ ಮೊದಲೇ ಮಳೆ ಒಟ್ಟು ಮಾಡಿತ್ತು, ಬಾರದ ಮಳೆ. ನಮ್ಮಲ್ಲಿ ಜಯಮಂಗಲಿ ನದಿ ಹರಿದರೆ ಅದೇ ಒಂದು ಸುದ್ದಿ. ಇಂಥ ಕಡೆ ಒಂದು ವಸ್ತುವನ್ನು ಕೊಂಡದ್ದು ಒಂದು ಸಲ, ರಿಪೇರಿ ಮಾಡಿಸಿದ್ದು ಹತ್ತು ಸಲ. ಮನೆತನದ ಕಥೆ ಇರುವುದು ಆ ಹತ್ತರಲ್ಲಿ.

ಚರಿತ್ರೆ ಎಂದ ಕೂಡಲೇ ನಮ್ಮವರ ಬೆರಳು ಮಧುಗಿರಿ ಬೆಟ್ಟದ ಕಡೆ ಹೋಗುತ್ತದೆ. ತಪ್ಪೇನಲ್ಲ. ಸಮುದ್ರಮಟ್ಟದಿಂದ 3,930 ಅಡಿ ಎತ್ತರದ ಏಕಶಿಲೆಯನ್ನು ಎದುರಿಗೆ ಇಟ್ಟುಕೊಂಡು ಬೇರೆ ಕಡೆ ನೋಡು ಅಂದರೆ ಯಾರು ನೋಡುತ್ತಾರೆ? ಬಿದನೂರನ್ನು ಗೆದ್ದ ಹೈದರಾಲಿ ರಾಣಿ ವೀರಮ್ಮಾಜಿಯನ್ನು 1763ರಲ್ಲಿ ಸೆರೆ ಇಟ್ಟದ್ದು ಇದೇ ಬೆಟ್ಟದ ಮೇಲೆ. 1767ರಲ್ಲಿ ಪೇಶ್ವೆ ಮಾಧವರಾಯನ ಸೈನ್ಯ ಬಂದು ಆಕೆಯನ್ನು ಬಿಡಿಸಿತು. ಶಿರಾಕ್ಕೆ ಹೋದರೆ ಸುಬೇದಾರ ಮಲಿಕ್ ರಿಹಾನನ ದರ್ಗಾ, 1696ರ ಜಾಮಿಯಾ ಮಸೀದಿ, 1687ರಿಂದ ಎಪ್ಪತ್ತು ವರ್ಷ ನಡೆದ ಮೊಗಲರ ಸುಬಾ. ಬೆಂಗಳೂರಿನ ಲಾಲ್‌ಬಾಗಿಗೆ ಶಿರಾದ ಖಾನ್‌ಬಾಗ್ ತೋಟ ಮಾದರಿ ಎಂಬ ಮಾತನ್ನು ಶಿರಾದವರು ಬೆಂಗಳೂರಿಗೆ ಹೋದಾಗಲೆಲ್ಲ ಹೇಳುತ್ತಾರೆ; ಹೇಳಲಿ. ಟಿಪ್ಪು ಶ್ರೀರಂಗಪಟ್ಟಣದ ಹತ್ತಿರ ಗಂಜಾಂ ಪೇಟೆ ಕಟ್ಟಿಸುವಾಗ ಶಿರಾದಿಂದ 12,000 ಕುಟುಂಬಗಳನ್ನು ಎಬ್ಬಿಸಿಕೊಂಡು ಹೋದ ಎಂದು ಲೂಯಿಸ್ ರೈಸ್ ತನ್ನ ಗೆಜೆಟಿಯರಿನಲ್ಲಿ ಬರೆದಿದ್ದಾನೆ. ಲೆಕ್ಕ ಹೆಚ್ಚುಕಮ್ಮಿ ಇದ್ದೀತು. ಆದರೆ ಹೋದ ಆ ಜನ ಗಾಡಿಯಲ್ಲಿ ಏನು ಹೇರಿಕೊಂಡು ಹೋದರು, ಮಗ್ಗ ಬಿಚ್ಚಿಕೊಂಡು ಹೋದರೋ, ಬೀಸೋಕಲ್ಲು ಬಿಟ್ಟುಹೋದರೋ? ಬೆಟ್ಟದ ಮೇಲಿನ ಸೆರೆಮನೆಯಲ್ಲಿ ಆ ನಾಲ್ಕು ವರ್ಷ ಯಾರೋ ದಿನಾ ಬೆಳಗಾಗೆದ್ದು ಹಿಟ್ಟು ಬೀಸಿರಬೇಕಲ್ಲ? ಕೋಟೆಯ ಕಲ್ಲನ್ನು ಪುರಾತತ್ವ ಇಲಾಖೆ ಕಾಯುತ್ತದೆ. ಬೀಸೋಕಲ್ಲನ್ನು ಕಾಯುವವರು ನಾವು.

ಬೀಸೋಕಲ್ಲನ್ನೇ ತೆಗೆದುಕೊಳ್ಳಿ. ನಮ್ಮ ಕಡೆ ಹೋಟೆಲಿನ ಮುಂದೆ, ರೆಸಾರ್ಟಿನ ಗೇಟಿನಲ್ಲಿ ಅದನ್ನು ಹೂಕುಂಡದ ಹಾಗೆ ಇಟ್ಟಿರುತ್ತಾರೆ. ಸುಮ್ಮನೆ ಇಟ್ಟರೆ ಅದು ಕಲ್ಲು. ಮೇಲಿನ ಕಲ್ಲನ್ನು ಎತ್ತಿ ಮಗುಚಿ ನೋಡಿದರೆ ಚರಿತ್ರೆ ಕಾಣುತ್ತದೆ. ಬೀಸಿ ಬೀಸಿ ಕಲ್ಲು ನುಣ್ಣಗಾದಾಗ ರಾಗಿ ಜಾರುತ್ತದೆ, ಹಿಟ್ಟಾಗುವುದಿಲ್ಲ. ಆಗ ಕಲ್ಲಿಗೆ ಮುಳ್ಳು ಹೊಡೆಸಬೇಕು. ಅಂದರೆ ಉಳಿಯಿಂದ ಮೈತುಂಬ ಸಣ್ಣ ಸಣ್ಣ ಕಚ್ಚು ಹಾಕಿಸಬೇಕು. ಬೀದಿಯಲ್ಲಿ ಕೂಗಿಕೊಂಡು ಬರುವವರು ಜಗಲಿಯ ಮೇಲೇ ಕೂತು ಟಕಟಕ ಹೊಡೆದು, ಒಂದು ಮೊರ ರಾಗಿ ತೆಗೆದುಕೊಂಡು ಹೋಗುತ್ತಿದ್ದರು. ಪ್ರತಿ ಸಲ ಮುಳ್ಳು ಹೊಡೆದಾಗಲೂ ಕಲ್ಲು ಒಂದು ಕೂದಲಿನಷ್ಟು ಸವೆಯುತ್ತದೆ. ಅಜ್ಜಿಯ ಕಾಲದಲ್ಲಿ ಗೇಣು ದಪ್ಪ ಇದ್ದದ್ದು ಮೊಮ್ಮಗಳ ಕಾಲಕ್ಕೆ ನಾಲ್ಕು ಬೆರಳಾಗಿರುತ್ತದೆ. ಸವೆದ ಕಲ್ಲು ಹಗುರ. ಹೊಸಾ ಸೊಸೆಗೆ ಹಳೇ ಕಲ್ಲು ಕೊಟ್ಟರು ಎಂದರೆ ಅದು ಆ ಮನೆಯವರ ದೊಡ್ಡ ಮನಸ್ಸು.

ಆ ಉಳಿ ಎಲ್ಲಿಂದ ಬಂತು? 1800ರಲ್ಲಿ ಮೈಸೂರು ಸೀಮೆಯ ಸಮೀಕ್ಷೆಗೆ ಬಂದ ಫ್ರಾನ್ಸಿಸ್ ಬುಕನನ್ ಈ ದಾರಿಯಲ್ಲಿ ಹೋದಾಗ ಚನ್ನರಾಯನದುರ್ಗ, ಮಧುಗಿರಿ ಸುತ್ತಿನ ಕಬ್ಬಿಣದ ಕುಲುಮೆಗಳನ್ನು ಕಂಡು ಬರೆದುಕೊಂಡ. ಮಳೆಗಾಲದಲ್ಲಿ ಬೆಟ್ಟದಿಂದ ಹಳ್ಳಕ್ಕೆ ಇಳಿದು ಬರುವ ಕಪ್ಪು ಮರಳನ್ನು ತೊಳೆದು, ಇದ್ದಿಲಿನ ಜೊತೆ ಕಾಸಿ ಕಬ್ಬಿಣ ತೆಗೆಯುತ್ತಿದ್ದರು. ಕಬ್ಬಿಣವನ್ನು ಮಣ್ಣಿನ ಮೂಸೆಯಲ್ಲಿ ಮತ್ತೆ ಕಾಸಿ ಉಕ್ಕು ಮಾಡುತ್ತಿದ್ದರು. ಮೈಸೂರು ಸೀಮೆಯಲ್ಲಿ ಉಕ್ಕು ಆಗುವ ತಾಲ್ಲೂಕುಗಳನ್ನು ಎಣಿಸುವಾಗ ರೈಸ್ ಕೂಡ ನಮ್ಮ ಮಧುಗಿರಿಯನ್ನು, ಆಗಿನ ಮದ್ದಗಿರಿಯನ್ನು, ಬಿಡಲಿಲ್ಲ. ಕಲ್ಲುಕುಟಿಗರ ಉಳಿಗೆ ಬೇಕಾದದ್ದು ಇಂಥ ಉಕ್ಕೇ. ಬೆಟ್ಟದ ಮರಳು ಉಳಿಯಾಯಿತು, ಉಳಿ ಬೆಟ್ಟದ ಕಲ್ಲನ್ನು ಕಡಿಯಿತು, ಕಡಿದ ಕಲ್ಲು ರಾಗಿ ಬೀಸಿತು. ಮ್ಯೂಸಿಯಮ್ಮಿನಲ್ಲಿ ಉಳಿಯನ್ನು ಒಂದು ಕೋಣೆಯಲ್ಲೂ ಬೀಸೋಕಲ್ಲನ್ನು ಇನ್ನೊಂದು ಕೋಣೆಯಲ್ಲೂ ಇಟ್ಟರೆ ಈ ನಂಟು ಕಡಿದುಹೋಗುತ್ತದೆ.

ಕಂಬಳಿಗೂ ಹೀಗೊಂದು ನಂಟು ಇದೆ. ಶಿರಾ, ಪಾವಗಡ, ಮಧುಗಿರಿ ಕಡೆಯ ಕುರುಬರ ಮನೆಗಳಲ್ಲಿ ಕರಿಕುರಿಯ ಉಣ್ಣೆಯನ್ನು ಬಿಲ್ಲಿನಿಂದ ಹೊಡೆದು ಹಿಂಜಿ, ಹೆಂಗಸರು ನೂಲು ತೆಗೆದು, ಕುಣಿಮಗ್ಗದಲ್ಲಿ ಗಂಡಸರು ನೇಯುತ್ತಿದ್ದರು. ಮಗ್ಗಕ್ಕೆ ಏರಿಸುವ ಮೊದಲು ಹಾಸಿಗೆ, ಅಂದರೆ ಉದ್ದನೆಯ ಎಳೆಗಳಿಗೆ, ಗಂಜಿ ಕುಡಿಸಬೇಕು. ಅಕ್ಕಿ ಗಂಜಿ ಎಲ್ಲಿಂದ ತರುವುದು, ಅಕ್ಕಿಯೇ ಇಲ್ಲದ ನಾಡಿನಲ್ಲಿ? ಹುಣಸೆಬೀಜ ಹುರಿದು, ಸಿಪ್ಪೆ ಬಿಡಿಸಿ, ಬೀಸಿ, ಕುದಿಸಿದ ಸರಿ ಇದ್ದೇ ಇತ್ತು. ಅದನ್ನು ಕುಂಚದಿಂದ ಬಳಿದು ಬಿಸಿಲಿಗೆ ಬಿಟ್ಟರೆ ನೂಲು ಬಿಗಿಯಾಗುತ್ತದೆ. ಹೊಸ ಕಂಬಳಿ ಮೈಗೆ ಹೊದ್ದಾಗ ರಟ್ಟಿನ ಹಾಗೆ ಸೆಟೆದು ನಿಲ್ಲುವುದು, ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡರೆ ಮಳೆಹನಿ ಜಾರಿ ಹೋಗುವುದು, ಮೂಗಿಗೆ ಒಂದು ಹುಳಿ ಹುಳಿ ವಾಸನೆ ಬಡಿಯುವುದು ಇದರಿಂದಲೇ. ಗಾಜಿನ ಪೆಟ್ಟಿಗೆಯೊಳಗೆ ಕಂಬಳಿ ಇಟ್ಟರೆ ಆ ವಾಸನೆ ಒಳಗೇ ಉಳಿಯುತ್ತದೆ, ಹುಡುಗರು ಹೊರಗೆ ನಿಲ್ಲುತ್ತಾರೆ.

ಹುಣಸೆಮರದ ಮಾತು ಬಂದದ್ದರಿಂದ ಒಂದು ಅಡ್ಡಮಾತು. ನಮ್ಮಲ್ಲಿ ಹುಣಸೆ ಹಣ್ಣು ಮಾರಾಟಕ್ಕೆ, ಬೀಜ ಕಂಬಳಿಗೆ, ಕಟ್ಟಿಗೆ ಒನಕೆಗೆ. ಬೇರೆ ಬೆಳೆ ಏಳದ ಅದರ ನೆರಳಿನಲ್ಲೂ ಬೆಳೆಯುವ ಕೊರಲೆ ಬಡವರ ಅನ್ನಕ್ಕೆ. ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆಮರಗಳಲ್ಲೇ ಗೂಡು ಕಟ್ಟಿ ಸಂಸಾರ ಮಾಡುತ್ತವೆ. ನನ್ನನ್ನು ಕೇಳಿದರೆ ನಮ್ಮ ಸಂಗ್ರಹಾಲಯದ ಮೊದಲನೆಯ ವಸ್ತು ಅಂಗಳದಲ್ಲಿರುವ ಒಂದು ಹುಣಸೆಮರ. ಅದಕ್ಕೆ ಕಟ್ಟಡದ ಅಂದಾಜುಪಟ್ಟಿ ಬೇಕಾಗಿಲ್ಲ.

ಕಂಬಳಿಯ ತೇಪೆಗೆ ಬರೋಣ. ಹರಿದ ಕಂಬಳಿಗೆ ಬೇರೆ ಕಂಬಳಿಯ ತುಂಡು ಇಟ್ಟು ಉಣ್ಣೆ ನೂಲಲ್ಲೇ ಹೊಲಿಯುತ್ತಾರೆ. ಕಪ್ಪಿನ ಮೇಲೆ ಕೆಂಚು, ಕೆಂಚಿನ ಮೇಲೆ ಬೂದು. ಆ ತುಂಡುಗಳ ಬಣ್ಣ ನೋಡಿಯೇ ಯಾವ ವರ್ಷ ಮಂದೆಯಲ್ಲಿ ಎಂಥ ಕುರಿ ಇದ್ದವು ಎಂದು ಹೇಳುವ ಹಿರಿಯರನ್ನು ನೋಡಿದ್ದೇನೆ. ಈಗ ಅಕ್ಕಿರಾಂಪುರದ ಕುರಿಸಂತೆಗೆ ಹೋದರೆ ಮಾಂಸದ ತೂಕದ ಮಾತೇ ಮಾತು. ಉಣ್ಣೆ ಕತ್ತರಿಸಿದರೆ ಕೂಲಿಯೂ ಹುಟ್ಟುವುದಿಲ್ಲ ಎಂದು ಕುರಿಗಾಹಿ ಹೇಳಿದರೆ, ಅವನಿಗೆ ಪರಂಪರೆಯ ಪಾಠ ಹೇಳಲು ನನಗಂತೂ ಬಾಯಿ ಬರುವುದಿಲ್ಲ.

ಇನ್ನು ಕಪಿಲೆ. ಇಲ್ಲಿರುವ ಹುಡುಗರು ಕಪಿಲೆ ಬಾವಿ ನೋಡಿರಲಾರರು. ಬಾವಿಯ ಬಾಯಲ್ಲಿ ಕಟ್ಟೆಯ ಮೇಲೆ ಗಾಲಿ, ಗಾಲಿಯ ಮೇಲೆ ಮಿಣಿ, ಮಿಣಿಯ ತುದಿಗೆ ಚರ್ಮದ ದೊಡ್ಡ ಚೀಲ, ಅದರ ಕೆಳಗೆ ಆನೆಯ ಸೊಂಡಿಲಿನಂಥ ಇನ್ನೊಂದು ಬಾಯಿ. ಎತ್ತುಗಳು ಇಳಿಜಾರಿನಲ್ಲಿ ಮುಂದಕ್ಕೆ ಇಳಿದರೆ ಚೀಲ ತುಂಬಿ ಮೇಲೆ ಬರುತ್ತದೆ, ಸೊಂಡಿಲು ತೊಟ್ಟಿಯ ಮೇಲೆ ಬಾಯಿ ಬಿಡುತ್ತದೆ. ಎತ್ತುಗಳು ಹಿಂದುಹಿಂದಕ್ಕೆ ನಡೆದರೆ ಚೀಲ ಮತ್ತೆ ನೀರಿಗೆ. ಬೆಳಗಿನ ಜಾವದಿಂದ ಇದೇ ಕೆಲಸ. ಚರ್ಮ ನೀರಿನಲ್ಲಿ ನೆನೆದು, ಕಲ್ಲಿಗೆ ತಗುಲಿ, ವರ್ಷಕ್ಕೆ ಎಷ್ಟೋ ಸಲ ಹರಿಯುತ್ತಿತ್ತು. ಆಗ ಕೇರಿಯಿಂದ ಮಾದಿಗರ ಹಿರಿಯನನ್ನು ಕರೆಸುತ್ತಿದ್ದರು. ಅವನು ಹರಿದ ಜಾಗಕ್ಕೆ ಹದ ಮಾಡಿದ ತುಂಡು ಚರ್ಮ ಇಟ್ಟು, ಬಾರಿನಿಂದ ನೀರು ಜಿನುಗದ ಹಾಗೆ ಹೊಲಿಯುತ್ತಿದ್ದ. ಅದಕ್ಕೆ ದುಡ್ಡಿರಲಿಲ್ಲ. ಸುಗ್ಗಿಯಲ್ಲಿ ಕಣಕ್ಕೆ ಬಂದರೆ ಅವನ ಪಾಲಿನ ಕಾಳು, ಅದೇ ಆಯ. ಕುಳ ತಟ್ಟಿಕೊಟ್ಟ ಕಮ್ಮಾರನಿಗೆ, ಮಡಕೆ ಕೊಟ್ಟ ಕುಂಬಾರನಿಗೆ, ಬಟ್ಟೆ ಒಗೆದ ಅಗಸನಿಗೆ ಕೂಡ ಕಣದಲ್ಲೇ ಆಯ.

ಆಯಗಾರ ಪದ್ಧತಿಯನ್ನು ನೆನೆದು ‘ಎಂಥ ಸಾಮರಸ್ಯ’ ಎಂದು ಕಣ್ಣು ಒದ್ದೆ ಮಾಡಿಕೊಳ್ಳುವವರು ಉಂಟು. ಕಪಿಲೆಯ ಚೀಲವನ್ನು ಅವರ ಕೈಗೆ ಕೊಡಬೇಕು. ಆ ಮಾದಿಗರ ಹಿರಿಯ ಹೊಲಿದ ಚೀಲ ದಿನಕ್ಕೆ ನೂರು ಸಲ ಬಾವಿಗೆ ಇಳಿಯುತ್ತಿತ್ತು, ಅವನ ಕೊಡ ಆ ಬಾವಿಗೆ ಇಳಿಯುವ ಹಾಗಿರಲಿಲ್ಲ. ಹೊಲಿಗೆ ಹಾಕಿದವನು ದೂರದಲ್ಲಿ ನಿಂತು ಬೊಗಸೆ ಒಡ್ಡಿದರೆ ಯಾರಾದರೂ ಮೇಲಿಂದ ನೀರು ಹೊಯ್ಯಬೇಕಿತ್ತು. ಇದನ್ನು ಬರೆಯದೆ ಬರೀ ‘ಕಪಿಲೆ, ನೀರೆತ್ತುವ ಸಾಧನ’ ಎಂದು ಚೀಟಿ ಅಂಟಿಸುವುದಾದರೆ ಆ ಚೀಲವನ್ನು ತರುವುದೇ ಬೇಡ.

ತೇಪೆಯಲ್ಲಿ ಯಾರ ಕೈ ಇತ್ತು ಎಂಬುದು ಇರುತ್ತದೆ, ಆ ಕೈಗೆ ಏನು ಸಿಕ್ಕಿತು ಎಂಬುದೂ ಇರುತ್ತದೆ. ಹೊಸ ವಸ್ತು ಇದನ್ನು ಹೇಳುವುದಿಲ್ಲ. ಹೊಸದು ಯಾವಾಗಲೂ ಕೊಂಡವನ ಕಥೆ.

ಕರ್ನಾಟಕದಲ್ಲಿ ಈ ಕೆಲಸಕ್ಕೆ ದೊಡ್ಡ ಮೇಲ್ಪಂಕ್ತಿ ಇದೆ. ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯ 1968ರಲ್ಲಿ ಶುರುವಾಯಿತು. ಅದನ್ನು ಕಟ್ಟಿದವರಲ್ಲಿ ಜಾನಪದ ವಿದ್ವಾಂಸ ಜೀಶಂಪ ಅವರ ಹೆಸರಿನ ಜೊತೆಗೇ ಬರುವ ಇನ್ನೊಂದು ಹೆಸರು ಕಲಾವಿದ ಪಿ.ಆರ್. ತಿಪ್ಪೇಸ್ವಾಮಿಯವರದು. ಅವರ ಊರು ಹರ್ತಿಕೋಟೆ, ನಮ್ಮ ಶಿರಾದ ಮಗ್ಗುಲಿನ ಹಿರಿಯೂರು ತಾಲ್ಲೂಕು. ಊರೂರು ತಿರುಗಿ, ಅಟ್ಟ ಹತ್ತಿ, ಕೊಟ್ಟಿಗೆ ಹೊಕ್ಕು ತಂದ ವಸ್ತುಗಳು ಸೇರಿ ಅಲ್ಲೀಗ 6,500ರಷ್ಟಿವೆ. ರಾಮನಗರದ ಹತ್ತಿರ 15 ಎಕರೆಯಲ್ಲಿ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕ 1994ರಲ್ಲಿ ತೆರೆಯಿತು. ಅತ್ತ ಸ್ವೀಡನ್ನಿನಲ್ಲಿ ಆರ್ಥರ್ ಹಾಜೆಲಿಯಸ್ ಎಂಬಾತ 1891ರಲ್ಲೇ ರೈತರ ಮನೆಗಳನ್ನು ಬಿಚ್ಚಿ ತಂದು ಸ್ಟಾಕ್‌ಹೋಮಿನ ಸ್ಕಾನ್ಸೆನ್ ಗುಡ್ಡದಲ್ಲಿ ಮತ್ತೆ ಜೋಡಿಸಿ ಬಯಲು ಮ್ಯೂಸಿಯಂ ಮಾಡಿದ. ಇವರೆಲ್ಲ ಮಾಡಿದ್ದು ದೊಡ್ಡದು. ಆದರೆ ಅವು ನಾಡಿನ ಸಂಗ್ರಹಗಳು. ನಾಡಿಗೆ ಒಂದು ಮೊರ ಸಾಕು, ಅದು ಚೆನ್ನಾಗಿರಬೇಕು. ತಾಲ್ಲೂಕಿಗೆ ಯಾರ ಮನೆಯ ಮೊರ ಎಂಬುದು ಮುಖ್ಯ.

ವಸ್ತುವಿಗೆ ಹೆಸರಿನ ಚೀಟಿ ಅಂಟಿಸುವಾಗ ಪಾವಗಡವನ್ನು ಮರೆಯಬಾರದು. ಹೆಚ್ಚುಕಡಿಮೆ ಸುತ್ತ ಆಂಧ್ರ, ನಡುವೆ ಪಾವಗಡ. ಅಲ್ಲಿನ ಅಡಿಗೆಮನೆಯಲ್ಲಿ ಒನಕೆ ರೋಕಲಿ, ಒರಳು ರೋಲು, ಬೀಸೋಕಲ್ಲು ತಿರಗಲಿ. ಕನ್ನಡ ಶಾಲೆಯಲ್ಲಿ ಓದಿ ತೆಲುಗಿನಲ್ಲಿ ರಾಗಿ ಬೀಸಿದ ಜನ ಅವರು. ಕನ್ನಡ ಲಿಪಿಯಲ್ಲೇ ಎರಡೂ ಹೆಸರು ಬರೆಯೋಣ. ರಾಜ್ಯೋತ್ಸವಕ್ಕೆ ಇದರಿಂದ ಕೊರತೆ ಆಗುವುದಿಲ್ಲ.

ಪಾವಗಡದಲ್ಲಿ ಇನ್ನೊಂದು ಅವಸರವೂ ಇದೆ. ತಿರುಮಣಿ, ವಳ್ಳೂರು ಕಡೆ 13,000 ಎಕರೆಯಲ್ಲಿ 2,050 ಮೆಗಾವಾಟಿನ ಸೋಲಾರ್ ಪಾರ್ಕ್ ಬಂತು. ಜಮೀನು ಮಾರಾಟವಲ್ಲ, ಗುತ್ತಿಗೆ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು. ಮಳೆ ನಂಬಿ ಕಡಲೆಕಾಯಿ ಬಿತ್ತಿ ಕೈಸುಟ್ಟುಕೊಂಡವರಿಗೆ ಅದು ಹೆಚ್ಚೋ ಕಡಿಮೆಯೋ ಎಂಬ ಚರ್ಚೆಗೆ ನಾನು ಇಳಿಯುವುದಿಲ್ಲ. ನಾನು ಹೇಳುವುದು ಕೂರಿಗೆಯ ಸಂಗತಿ. ಬೇರೆ ಕಡೆ ಕೂರಿಗೆ, ಕುಂಟೆ, ಹಲುಬೆ ಒಂದು ತಲೆಮಾರಿನಲ್ಲಿ ಮೂಲೆ ಸೇರಿದರೆ, ಆ ಊರುಗಳಲ್ಲಿ ಗುತ್ತಿಗೆ ಪತ್ರಕ್ಕೆ ಸಹಿ ಬಿದ್ದ ವರ್ಷವೇ ಉಳುವುದಕ್ಕೆ ನೆಲ ಇಲ್ಲವಾಯಿತು. ಇಷ್ಟು ಬೇಗ ಹಳೆಯದಾದ ಸಾಮಾನು ಬೇರೆಲ್ಲೂ ಸಿಗಲಾರದು. ಬಿತ್ತಿದ ಕೈ ಇನ್ನೂ ಗಟ್ಟಿಯಾಗಿರುವಾಗಲೇ, ಯಾವ ಕಾಳಿಗೆ ಕೂರಿಗೆಯ ತಾಳು ಎಷ್ಟು ಬಿಗಿ ಇರಬೇಕು ಎಂದು ಕೇಳಿ ಬರೆದುಕೊಳ್ಳಬೇಕು.

ಎತ್ತಿ ತರಲಾಗದವೂ ಇವೆ. ಹಗೇವು ಹೇಗೆ ತರುತ್ತೀರಿ? ಅದು ನೆಲದೊಳಗಿನ ಒಂದು ಖಾಲಿ. ಬಾಯಿ ಕಿರಿದು, ಹೊಟ್ಟೆ ದೊಡ್ಡದು. ಹುಲ್ಲು ಹಾಸಿ ರಾಗಿ ತುಂಬಿ, ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಹುಳು ಮುಟ್ಟುವುದಿಲ್ಲ. ತೆಗೆದ ಕೂಡಲೇ ಒಳಗೆ ಇಳಿದರೆ ಕೆಟ್ಟ ಗಾಳಿಗೆ ಪ್ರಾಣ ಹೋಗುತ್ತದೆ. ದೀಪ ಇಳಿಬಿಟ್ಟು, ಅದು ಆರದೆ ಉರಿದರೆ ಆಮೇಲೆ ಮನುಷ್ಯ. 1876-78ರ ಬರದಲ್ಲಿ ಮೈಸೂರು ಸಂಸ್ಥಾನದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು, ಐದಕ್ಕೆ ಒಬ್ಬರಂತೆ. ಆ ಮೂರು ವರ್ಷ ಯಾರ ಹಗೇವಿನಲ್ಲಿ ರಾಗಿ ಇತ್ತು, ಯಾರ ಹಗೇವು ಬರಿದಾಗಿತ್ತು ಎಂಬುದೇ ಆಗಿನ ಸಿರಿತನ ಬಡತನ. ಊರೊಳಗೆ ಎಲ್ಲಾದರೂ ಉಳಿದಿದ್ದರೆ ಅದನ್ನು ಅಲ್ಲೇ ಬಿಟ್ಟು ಸುತ್ತ ಒಂದು ಬೇಲಿ ಹಾಕಿ.

ಕೊಡಿ ಎಂದು ಕೇಳಬಾರದವೂ ಇವೆ. ಕಳುವರಹಳ್ಳಿಯ ಜುಂಜಪ್ಪನ ಗುಡ್ಡೆಯ ಕಡೆ ಕಾಡುಗೊಲ್ಲರು ತಮ್ಮ ದೈವ ಜುಂಜಪ್ಪನ ಕಥೆಯ ಜೊತೆಗೆ ಊದುವ ಗಣೆ ಇದೆಯಲ್ಲ, ಬಿದಿರಿನ ಉದ್ದನೆಯ ಕೊಳಲು, ಅದು ಅವರಿಗೆ ವಾದ್ಯವಲ್ಲ, ದೇವರ ಒಡವೆ. ಮ್ಯೂಸಿಯಮ್ಮಿಗೆ ಕೊಡಿ ಎಂದು ಕೇಳುವುದು ಗುಡಿಯ ಮೂರ್ತಿ ಕೊಡಿ ಎಂದ ಹಾಗೆ. ಅವರು ಒಪ್ಪಿದ ದಿನ, ಒಪ್ಪಿದಷ್ಟು ಹೊತ್ತು ಹೋಗಿ ಕೇಳಿಕೊಂಡು ಬರೋಣ.

ಮೊನ್ನೆ ಸಂಘಟಕರು ನನಗೆ ಒಂದು ದಪ್ಪ ರಿಜಿಸ್ಟರು ತೋರಿಸಿದರು. ಸಂಗ್ರಹಾಲಯಕ್ಕೆ ಕೂಡಿಟ್ಟ ವಸ್ತುಗಳನ್ನು ಬರೆಯುವುದಕ್ಕೆ. ಕ್ರಮಸಂಖ್ಯೆ, ವಸ್ತುವಿನ ಹೆಸರು, ಕೊಟ್ಟವರು, ಅಂದಾಜು ಬೆಲೆ ಎಂದು ನಾಲ್ಕು ಕಾಲಂ ಗೆರೆ ಎಳೆದಿತ್ತು. ಬೆಲೆಯ ಕಾಲಂ ಹೊಡೆದುಹಾಕಿ ಅಂದೆ. ಅದರ ಜಾಗದಲ್ಲಿ ಮೂರು ಗೆರೆ: ಮಾಡಿದವರು ಯಾರು, ರಿಪೇರಿ ಮಾಡಿದವರು ಯಾರು, ಅವರಿಗೆ ಏನು ಕೊಟ್ಟರು. ಪಕ್ಕದಲ್ಲಿ ಕಡೆಯ ಕಾಲಂ ಷರಾ.

ಆವತ್ತು ಮೊರ ತಂದಿದ್ದ ಆ ಹುಡುಗಿ ಈಗ ಇದೇ ಸೀಮೆಯಲ್ಲಿ ಸಂಸಾರ ಮಾಡಿಕೊಂಡಿದ್ದಾಳೆ. ಹೋದ ತಿಂಗಳು ಅವಳ ತವರಿಗೆ ಹೋಗಿ, ಮೊರ ಇದೆಯೇ ಎಂದು ಕೇಳಿದೆ. ಅವಳ ತಾಯಿ ಅಟ್ಟದಿಂದ ತೆಗೆದು, ಧೂಳು ಕೊಡವಿ, ‘ಇದೇನು ಸಾ, ಆವತ್ತು ಬೇಡ ಅಂದ್ರಂತೆ’ ಅಂದರು. ಹದಿಮೂರರ ಮಗ್ಗಿಯ ಮೇಲೆ ಇನ್ನೊಂದು ಹಾಳೆ ಬಂದಿದೆ, ಯಾವುದೋ ಮದುವೆ ಕಾಗದ. ರಿಜಿಸ್ಟರಿನ ಮೊದಲ ಪುಟದಲ್ಲಿ ನಾನೇ ಬರೆದು ಬಂದಿದ್ದೇನೆ. ಮೊರ ಒಂದು. ಮಾಡಿದವರು, ಸಂತೆಗೆ ಬರುತ್ತಿದ್ದ ಮೇದರ ಹೆಂಗಸು. ರಿಪೇರಿ, ಮನೆಯ ಹೆಂಗಸರು, ಮೂರು ತಲೆಮಾರು. ಕೊಟ್ಟದ್ದು, ಮೊರ ಹಿಡಿಸುವಷ್ಟು ರಾಗಿ. ಷರಾ: ಹಬ್ಬಕ್ಕೆ ಬೇಕಾದಾಗ ಮನೆಯವರು ಬಂದು ಕೇಳಿದರೆ ಕೊಟ್ಟು ಕಳಿಸತಕ್ಕದ್ದು.